ಮೈ ಸುಟ್ಟವರ ಶ್ವಾಸಕೋಶ ಸೋತಾಗ ವೆಂಟಿಲೇಟರ್ ಏನು ಮಾಡುತ್ತದೆ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ರಾಯಚೂರಿನ ಹತ್ತಿರದ ಹತ್ತಿ ಗೋದಾಮಿನಲ್ಲಿ ಕೆಲಸಕ್ಕಿದ್ದ. ಕಳೆದ ವಾರ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡು ಎದೆ, ಕುತ್ತಿಗೆ, ಬೆನ್ನಿನ ಮೇಲ್ಭಾಗ, ಎರಡೂ ಕೈ ಸುಟ್ಟಿವೆ. ನೂರಕ್ಕೆ ನಲವತ್ತು ಸುಟ್ಟಿದೆ ಎಂದರು. ಆಸ್ಪತ್ರೆಗೆ ಬಂದಾಗ ಮಾತಾಡುತ್ತಿದ್ದ, ಆದರೂ ಅದೇ ರಾತ್ರಿ ಗಂಟಲಿಗೆ ಟ್ಯೂಬ್ ಹಾಕಿದರು. ಎರಡು ದಿನ ಪರವಾಗಿಲ್ಲ ಎಂದವರು ನಾಲ್ಕನೇ ದಿನ ಶ್ವಾಸಕೋಶ ಕೆಟ್ಟಿದೆ ಎಂದರು. ಈಗ ಅವನನ್ನು ಬೋರಲು ಮಲಗಿಸಿದ್ದಾರೆ. ಸುಟ್ಟಿದ್ದು ಚರ್ಮವಾದರೆ ಶ್ವಾಸಕೋಶ ಏಕೆ ಕೆಡಬೇಕು? ವೆಂಟಿಲೇಟರ್‌ಗೆ ಹಾಕಿದವರು ವಾಪಸ್ ಬರುವುದಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ, ನಿಜವೇ? ಹೈದರಾಬಾದಿಗೆ ಕರೆದೊಯ್ಯಬೇಕೇ? ನಾವು ಮಾತಾಡಿದರೆ ಅವನಿಗೆ ಕೇಳಿಸುತ್ತದೆಯೇ?
— ಓದುಗರೊಬ್ಬರು, ರಾಯಚೂರು ಜಿಲ್ಲೆ

ಉತ್ತರ: ನಾನು ಬಳ್ಳಾರಿಯಲ್ಲಿ ಅರಿವಳಿಕೆ ಮತ್ತು ತೀವ್ರ ನಿಗಾ ಚಿಕಿತ್ಸೆಯ ವೈದ್ಯ. ಕುಲುಮೆಯ ಬಳಿ ಸುಟ್ಟವರು, ಅಕ್ಕಿ ಗಿರಣಿಯ ಬಾಯ್ಲರ್ ಹಬೆಗೆ ಸಿಕ್ಕವರು, ಅಡುಗೆಮನೆಯಲ್ಲಿ ಸೀರೆಗೆ ಬೆಂಕಿ ತಗುಲಿದವರು, ನಿಮ್ಮ ತಮ್ಮನಂತೆ ಗೋದಾಮಿನ ಹೊಗೆಯಲ್ಲಿ ಸಿಕ್ಕಿಕೊಂಡವರು, ಇವರೆಲ್ಲರ ಹಾಸಿಗೆಯ ಪಕ್ಕದಲ್ಲಿ ಅನೇಕ ರಾತ್ರಿಗಳನ್ನು ಕಳೆದಿದ್ದೇನೆ. ನಿಮ್ಮ ತಮ್ಮನನ್ನು ನಾನು ನೋಡಿಲ್ಲ. ಆದ್ದರಿಂದ ಅವರ ಸ್ಥಿತಿಯ ಬಗ್ಗೆ ಅಲ್ಲಿಯ ವೈದ್ಯರ ಮಾತೇ ಕೊನೆಯ ಮಾತು. ಆದರೆ ಅವರು ಏನು ಮಾಡುತ್ತಿದ್ದಾರೆ, ಏಕೆ ಮಾಡುತ್ತಿದ್ದಾರೆ ಎಂಬುದು ನಿಮಗೆ ಅರ್ಥವಾಗಬೇಕು ಎಂಬ ಆಸೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮಾತಾಡುತ್ತಿದ್ದ ಮನುಷ್ಯನ ಗಂಟಲಿಗೆ ಅದೇ ರಾತ್ರಿ ಟ್ಯೂಬ್ ಏಕೆ ಹಾಕಿದರು ಎಂಬ ನೋವು ನಿಮ್ಮ ಪ್ರಶ್ನೆಯೊಳಗೆ ಅಡಗಿದೆ, ಅಲ್ಲಿಂದಲೇ ಆರಂಭಿಸೋಣ. ಬೆಂಕಿಯ ಬಿಸಿಗಾಳಿಯನ್ನು ಎಳೆದುಕೊಂಡಾಗ ಅದರ ಶಾಖದ ಬಹುಪಾಲನ್ನು ಮೂಗು, ಬಾಯಿ ಮತ್ತು ಗಂಟಲೇ ಹೀರಿಕೊಳ್ಳುತ್ತವೆ. ಹಬೆಯ ಗಾಯವನ್ನು ಬಿಟ್ಟರೆ ಶಾಖವು ಧ್ವನಿಪೆಟ್ಟಿಗೆಯ ಕೆಳಗೆ ಇಳಿಯುವುದು ಅಪರೂಪ. ಆದರೆ ಹಾಗೆ ಶಾಖವನ್ನು ಹೀರಿಕೊಂಡ ಗಂಟಲು ಮುಂದಿನ ಹಲವು ಗಂಟೆಗಳಲ್ಲಿ ಊದಿಕೊಳ್ಳುತ್ತಾ ಹೋಗುತ್ತದೆ, ಮೊದಲ 24 ಗಂಟೆಗಳಲ್ಲಿ ಈ ಊತ ಬಹಳ ಬೇಗ ಏರುತ್ತದೆ. ಸಂಜೆ ಆರಕ್ಕೆ ನಿಮ್ಮೊಡನೆ ಮಾತಾಡಿದವರಿಗೆ ನಡುರಾತ್ರಿಯ ಹೊತ್ತಿಗೆ ಉಸಿರಿನ ದಾರಿಯೇ ಮುಚ್ಚಿಹೋಗಬಹುದು, ಆಗ ಟ್ಯೂಬ್ ಹಾಕಲು ಹೋದರೆ ಒಳಗೆ ದಾರಿ ಕಾಣುವುದಿಲ್ಲ. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದಿರುವುದು, ಧ್ವನಿ ಗೊಗ್ಗರಾಗಿರುವುದು, ಮೂಗಿನ ಕೂದಲು ಸುಟ್ಟಿರುವುದು, ಉಗುಳಿನಲ್ಲಿ ಮಸಿ ಕಾಣುವುದು, ಕುತ್ತಿಗೆಯೂ ಸುಟ್ಟಿರುವುದು, ಇವೆಲ್ಲ ಸೇರಿದಾಗ ಕಾಯುವುದು ಅಪಾಯ. ಮುಖಕ್ಕೆ ಬೆಂಕಿ ತಗುಲಿದ ಪ್ರತಿಯೊಬ್ಬರಿಗೂ ಟ್ಯೂಬ್ ಬೇಕಾಗುವುದಿಲ್ಲ, ಬೇಡದವರಿಗೆ ಹಾಕುವುದೂ ತಪ್ಪೇ. ಆದರೆ ನೀವು ವಿವರಿಸಿದಂತೆ ಗೋದಾಮಿನ ಒಳಗೆ ಸಿಕ್ಕಿಕೊಂಡು ಕುತ್ತಿಗೆ ಸುಟ್ಟವರಿಗೆ ಆ ರಾತ್ರಿಯ ತೀರ್ಮಾನ ಸರಿಯಾಗಿತ್ತು ಎಂದೇ ನನಗನಿಸುತ್ತದೆ.

ಆ ಟ್ಯೂಬನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ನೀವು ಗಮನಿಸಿರಬಹುದು. ಉಳಿದ ರೋಗಿಗಳಿಗೆ ಅಂಟುವ ಪಟ್ಟಿ ಸಾಕು. ಸುಟ್ಟ ಮುಖದ ಮೇಲೆ ಅದು ನಿಲ್ಲುವುದಿಲ್ಲ, ಒಸರುವ ನೀರಿಗೆ ಜಾರುತ್ತದೆ, ನಿಂತರೂ ತೆಗೆಯುವಾಗ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಹತ್ತಿಯ ಪಟ್ಟಿಯನ್ನು ತಲೆಯ ಸುತ್ತ ಬಳಸಿ ಕಟ್ಟುತ್ತಾರೆ. ಮೊದಲ ಎರಡು ದಿನ ಮುಖ ಊದುತ್ತಾ ಹೋದಂತೆ ಅದೇ ಪಟ್ಟಿ ಬಾಯಿಯ ಮೂಲೆಯನ್ನೂ ಕಿವಿಯ ಅಂಚನ್ನೂ ಕೊರೆಯುತ್ತದೆ. ಊತ ಇಳಿಯತೊಡಗಿದರೆ ಸಡಿಲವಾಗಿ ಟ್ಯೂಬ್ ಜಾರುತ್ತದೆ. ಒಳ್ಳೆಯ ಶುಶ್ರೂಷಕಿ ಗಂಟೆಗೊಮ್ಮೆ ಆ ಪಟ್ಟಿಯ ಕೆಳಗೆ ಒಂದು ಬೆರಳು ತೂರಿಸಿ ಬಿಗಿ ನೋಡುತ್ತಾಳೆ, ಹಲ್ಲಿನ ಬಳಿ ಟ್ಯೂಬಿನ ಮೇಲಿರುವ ಸೆಂಟಿಮೀಟರ್ ಗುರುತನ್ನು ಓದಿ ಬರೆದಿಡುತ್ತಾಳೆ. ಊದಿದ ಗಂಟಲಿನಿಂದ ಒಮ್ಮೆ ಟ್ಯೂಬ್ ಹೊರಬಿದ್ದರೆ ಮತ್ತೆ ಹಾಕಲು ನಿಮಿಷಗಳಷ್ಟೇ ಸಿಗುತ್ತವೆ. ತಮ್ಮನ ಕೈಗಳನ್ನು ಮೆತ್ತಗೆ ಕಟ್ಟಿದ್ದರೆ ಅದೂ ಇದೇ ಕಾರಣಕ್ಕೆ, ದಯವಿಟ್ಟು ಅದನ್ನು ಕ್ರೌರ್ಯವೆಂದು ತಿಳಿಯಬೇಡಿ.

ಶಾಖ ಗಂಟಲಲ್ಲೇ ನಿಂತರೂ ಹೊಗೆ ಅಲ್ಲಿ ನಿಲ್ಲುವುದಿಲ್ಲ. ಹತ್ತಿಯ ಬೆಂಕಿಯ ಸ್ವಭಾವ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಂಡಿಗೆಯ ಹೊರಗೆ ಉರಿ ಆರಿದರೂ ಒಳಗೆ ಅದು ಗಂಟೆಗಟ್ಟಲೆ ಕುದಿಯುತ್ತಿರುತ್ತದೆ. ಗಾಳಿ ಸಾಲದೆ ಹೀಗೆ ಕುದಿಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಹುಟ್ಟುತ್ತದೆ. ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಒಳಗೆ ಉಸಿರುಗಟ್ಟುತ್ತಿರುವಾಗಲೂ ಅದು 98 ಎಂದು ತೋರಿಸಬಹುದು. ಬೆಂಕಿಯಿಂದ ಹೊರಬಂದವರಿಗೆ ಆಕ್ಸಿಮೀಟರ್ ಹಾಕಿ ಎಲ್ಲ ಸರಿಯಿದೆ ಎಂದು ಮನೆಗೆ ಕಳಿಸಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ, ಅದು ನನ್ನನ್ನು ಈಗಲೂ ಕಾಡುತ್ತದೆ. ಮಾಮೂಲಿ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ನೂರಕ್ಕೆ ನೂರು ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ನಿಮ್ಮ ತಮ್ಮನಿಗೆ ಬಂದ ತಕ್ಷಣ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟಿದ್ದರೆ ಅದು ಇದಕ್ಕಾಗಿಯೇ. ಫೋಮ್ ಹಾಸಿಗೆ, ನೈಲಾನ್, ಉಣ್ಣೆ ಸುಟ್ಟ ಹೊಗೆಯಲ್ಲಿ ಇದರ ಜೊತೆಗೆ ಸಯನೈಡ್ ಕೂಡ ಇರುತ್ತದೆ. ಬರೀ ಹತ್ತಿಯ ಹೊಗೆಯಲ್ಲಿ ಆ ಭಯ ಕಡಿಮೆ.

ಈ ವಿಷ ಮೊದಲ ದಿನವೇ ಇಳಿದುಹೋಗುತ್ತದೆ. ನಾಲ್ಕನೇ ದಿನದ ಕಥೆ ಬೇರೆ. ಹೊಗೆಯಲ್ಲಿರುವ ಮಸಿಯ ಕಣಗಳು ಮತ್ತು ಸುಡುವ ರಾಸಾಯನಿಕಗಳು ಶ್ವಾಸನಾಳಗಳ ಒಳಪೊರೆಯನ್ನು ಸುಡುತ್ತವೆ. ಮೊದಲ ದಿನದ ಎಕ್ಸ್‌ರೇ ಬಹುತೇಕ ನಿರ್ಮಲವಾಗಿಯೇ ಇರುತ್ತದೆ. ಶ್ವಾಸನಾಳದ ಒಳಗನ್ನು ತೋರಿಸುವ ಬ್ರಾಂಕೊಸ್ಕೋಪ್ ಎಂಬ ತೆಳು ನಳಿಕೆ ಇಳಿಸಿ ನೋಡಿದವರಿಗೆ ಮಾತ್ರ ಕೆಂಪಾದ, ಮಸಿ ಮೆತ್ತಿದ ಗೋಡೆ ಕಾಣುತ್ತದೆ. ಎರಡು ಮೂರು ದಿನಗಳಲ್ಲಿ ಆ ಸತ್ತ ಪೊರೆ ಕಳಚಲು ತೊಡಗುತ್ತದೆ. ಟ್ಯೂಬಿನೊಳಗೆ ಸಕ್ಷನ್ ನಳಿಕೆ ಬಿಟ್ಟು ಎಳೆದಾಗ ಮೊದಲ ದಿನ ದೀಪದ ಕಾಡಿಗೆಯಂತಹ ಕಪ್ಪು ಕಫ ಬರುತ್ತದೆ. ಮೂರನೇ ದಿನದ ಹೊತ್ತಿಗೆ ಅದು ಬೂದು ಬಣ್ಣಕ್ಕೆ ತಿರುಗಿ, ಎಳೆ ಎಳೆಯಾಗಿ, ಕೆಲವೊಮ್ಮೆ ಶ್ವಾಸನಾಳದ ಕವಲಿನದೇ ಅಚ್ಚು ತೆಗೆದಂತೆ ತುಂಡು ತುಂಡಾಗಿ ಹೊರಬರುತ್ತದೆ. ಈ ತುಂಡುಗಳು ಸಣ್ಣ ನಾಳಗಳಲ್ಲಿ ಬೆಣೆಯಂತೆ ಸಿಕ್ಕಿಕೊಂಡರೆ ಅವುಗಳ ಹಿಂದಿನ ಗಾಳಿಚೀಲಗಳು ಕುಸಿಯುತ್ತವೆ, ಕುಸಿದಲ್ಲಿ ಸೋಂಕು ನೆಲೆಯೂರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಸುಟ್ಟಿದ್ದು ಚರ್ಮವಾದರೆ ಶ್ವಾಸಕೋಶ ಏಕೆ? ಹೊಗೆಯನ್ನೇ ಕುಡಿಯದವರ ಶ್ವಾಸಕೋಶವೂ ಹೀಗೆ ಕೆಡುವುದುಂಟು. ಮೈಯ ದೊಡ್ಡ ಭಾಗ ಸುಟ್ಟಾಗ ಅಲ್ಲಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಮೈಯ ಎಲ್ಲೆಡೆ ಸೂಕ್ಷ್ಮ ರಕ್ತನಾಳಗಳ ಗೋಡೆಗಳನ್ನು ಸೋರುವಂತೆ ಮಾಡುತ್ತವೆ. ಶ್ವಾಸಕೋಶವೆಂದರೆ ಅಂತಹ ಸೂಕ್ಷ್ಮ ರಕ್ತನಾಳಗಳದೇ ಬಲೆ. ಆ ಬಲೆ ಸೋರಿದಾಗ ಗಾಳಿ ತುಂಬಬೇಕಾದ ಚೀಲಗಳಲ್ಲಿ ಸಾರಭರಿತ ನೀರು ತುಂಬುತ್ತದೆ.

ಇದರ ಜೊತೆಗೆ ನಾವೇ ಕೊಡುವ ಡ್ರಿಪ್ಪಿನ ಮಾತೂ ಇದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಸುಟ್ಟವರಿಗೆ ಮೊದಲ 24 ಗಂಟೆ ಎಷ್ಟು ದ್ರವ ಕೊಡಬೇಕೆಂಬುದಕ್ಕೆ ಪಾರ್ಕ್‌ಲ್ಯಾಂಡ್ ಸೂತ್ರವೆಂಬ ಲೆಕ್ಕವಿದೆ: ಪ್ರತಿ ಕಿಲೋ ತೂಕಕ್ಕೆ, ಸುಟ್ಟ ಪ್ರತಿ ಶೇಕಡಾವಾರಿಗೆ 4 ಮಿಲಿಲೀಟರ್. 70 ಕಿಲೋ ತೂಕದವರಿಗೆ ಶೇಕಡ 40 ಸುಟ್ಟರೆ 11,200 ಮಿಲಿಲೀಟರ್, ಅಂದರೆ ಹನ್ನೊಂದು ಲೀಟರಿಗೂ ಹೆಚ್ಚು. ಅದರ ಅರ್ಧವು ಸುಟ್ಟ ಗಳಿಗೆಯಿಂದ ಎಂಟು ಗಂಟೆಯೊಳಗೆ ಹೋಗಬೇಕು. ಇಷ್ಟು ಕೊಡದಿದ್ದರೆ ಮೂತ್ರಪಿಂಡ ನಿಲ್ಲುತ್ತದೆ, ಪ್ರಾಣವೇ ಹೋಗುತ್ತದೆ. ಆದರೆ ಸೂತ್ರವನ್ನು ಆರಂಭದ ಅಂದಾಜೆಂದು ಮಾತ್ರ ತಿಳಿದು, ಗಂಟೆ ಗಂಟೆಗೂ ಮೂತ್ರ ಅಳೆದು, ತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಲೀಟರಿನಷ್ಟು ಮೂತ್ರ ಬರುತ್ತಿದ್ದರೆ ಡ್ರಿಪ್ ಇಳಿಸಬೇಕು. ಇಳಿಸದೆ ಸುರಿಯುತ್ತಲೇ ಹೋದರೆ ಆ ಹೆಚ್ಚುವರಿ ನೀರು ಗಂಟಲಿಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಸೇರುತ್ತದೆ. ಹೊಗೆ ಕುಡಿದವರಿಗೆ ದ್ರವ ಹೆಚ್ಚೇ ಬೇಕಾಗುವುದರಿಂದ ಈ ತೂಗುವಿಕೆ ಇನ್ನಷ್ಟು ಕಠಿಣ.

ಹೀಗೆ ಹೊಗೆ, ಉರಿಯೂತ, ದ್ರವ, ಸೋಂಕು ಎಲ್ಲ ಕೂಡಿ ಎರಡೂ ಶ್ವಾಸಕೋಶ ಒಂದು ವಾರದೊಳಗೆ ಸೋತು ಎಕ್ಸ್‌ರೇ ಬೆಳ್ಳಗಾದರೆ, ಅದಕ್ಕೆ ಹೃದಯದ ಸೋಲು ಕಾರಣವಲ್ಲವೆಂದಾದರೆ, ಅದನ್ನು ಎಆರ್‌ಡಿಎಸ್ ಎನ್ನುತ್ತೇವೆ. ನಿಮಗೆ ಈ ಹೆಸರನ್ನು ಹೇಳಿರಬಹುದು. ಎಷ್ಟು ತೀವ್ರ ಎಂಬುದನ್ನು ರಕ್ತದಲ್ಲಿರುವ ಆಮ್ಲಜನಕದ ಒತ್ತಡವನ್ನು ಉಸಿರಿನಲ್ಲಿ ಕೊಡುತ್ತಿರುವ ಆಮ್ಲಜನಕದ ಪಾಲಿನಿಂದ ಭಾಗಿಸಿ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಆ ಸಂಖ್ಯೆ 400ಕ್ಕಿಂತ ಹೆಚ್ಚಿರುತ್ತದೆ. 2012ರ ಬರ್ಲಿನ್ ವ್ಯಾಖ್ಯೆಯ ಪ್ರಕಾರ 300ರ ಕೆಳಗೆ ಸೌಮ್ಯ, 200ರ ಕೆಳಗೆ ಮಧ್ಯಮ, 100 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ಶೇಕಡ 80 ಆಮ್ಲಜನಕ ಕೊಟ್ಟರೂ ರಕ್ತದಲ್ಲಿ ಒತ್ತಡ 72 ಮಾತ್ರ ಇದ್ದರೆ 72ನ್ನು 0.8ರಿಂದ ಭಾಗಿಸಿದಾಗ 90 ಬರುತ್ತದೆ, ಅದು ತೀವ್ರ. ಬೋರಲು ಮಲಗಿಸಿದ್ದಾರೆಂದರೆ ನಿಮ್ಮ ತಮ್ಮನ ಸಂಖ್ಯೆ 150ಕ್ಕಿಂತ ಕೆಳಗಿಳಿದಿರಬೇಕು ಎಂದು ಊಹಿಸುತ್ತೇನೆ.

ಇಲ್ಲಿಂದ ಮುಂದಿನದು ವೆಂಟಿಲೇಟರಿನ ಕೆಲಸ, ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ವೆಂಟಿಲೇಟರ್ ಶ್ವಾಸಕೋಶವನ್ನು ಗುಣಪಡಿಸುವುದಿಲ್ಲ. ಶ್ವಾಸಕೋಶ ತಾನಾಗಿ ಗುಣವಾಗುವವರೆಗೆ ಅದು ಉಸಿರನ್ನು ನಡೆಸಿಕೊಡುತ್ತದೆ, ಆ ಅವಧಿಯಲ್ಲಿ ತಾನೇ ಹೊಸ ಗಾಯ ಮಾಡದಂತೆ ಅದನ್ನು ಹಿಡಿದಿಡುವುದು ನಮ್ಮ ಕೆಲಸ. ಎಆರ್‌ಡಿಎಸ್ ಆದ ಶ್ವಾಸಕೋಶದ ದೊಡ್ಡ ಭಾಗ ನೀರು ತುಂಬಿ ಮುಚ್ಚಿರುತ್ತದೆ, ಗಾಳಿಗೆ ತೆರೆದಿರುವುದು ಚಿಕ್ಕ ಮಗುವಿನ ಶ್ವಾಸಕೋಶದಷ್ಟು ಮಾತ್ರ. ವಯಸ್ಕನ ಉಸಿರನ್ನು ಅಷ್ಟು ಜಾಗಕ್ಕೆ ತುರುಕಿದರೆ ಉಳಿದಿರುವ ಚೀಲಗಳೂ ಹಿಗ್ಗಿ ಹರಿಯುತ್ತವೆ.

ಇದನ್ನು ಸ್ಪಷ್ಟವಾಗಿ ತೋರಿಸಿದ್ದು 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. 861 ರೋಗಿಗಳಲ್ಲಿ ಒಂದು ಗುಂಪಿಗೆ ಪ್ರತಿ ಉಸಿರಿಗೆ ಕಿಲೋಗೆ 12 ಮಿಲಿಲೀಟರ್, ಇನ್ನೊಂದು ಗುಂಪಿಗೆ 6 ಮಿಲಿಲೀಟರ್ ಗುರಿಯಿಟ್ಟು ಗಾಳಿ ಕೊಟ್ಟರು; ಸಾವಿನ ಪ್ರಮಾಣ ಶೇಕಡ 39.8ರಿಂದ 31ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಕೊಡುವ ಗಾಳಿ ಕಡಿಮೆಯಾಯಿತು, ಅಷ್ಟೆ. ಈ ಕಿಲೋ ಎಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಏಕೆಂದರೆ ಮನುಷ್ಯ ದಪ್ಪಗಾದರೆ ಅವನ ಶ್ವಾಸಕೋಶ ದೊಡ್ಡದಾಗುವುದಿಲ್ಲ. 165 ಸೆಂಟಿಮೀಟರ್ ಎತ್ತರದ ಗಂಡಸಿಗೆ ಅದು ಸುಮಾರು 61.5 ಕಿಲೋ, ಆರರಿಂದ ಗುಣಿಸಿದರೆ ಒಂದು ಉಸಿರು ಸುಮಾರು 370 ಮಿಲಿಲೀಟರ್. ಡ್ರಿಪ್ಪಿನ ನೀರಿನಿಂದ ಎರಡೇ ದಿನದಲ್ಲಿ ಹತ್ತು ಕಿಲೋ ಏರುವ ಸುಟ್ಟ ರೋಗಿಯಲ್ಲಿ ತಕ್ಕಡಿ ನಂಬುವುದು ಇನ್ನೂ ದೊಡ್ಡ ತಪ್ಪು. ಆದ್ದರಿಂದ ಹಾಸಿಗೆಯ ಮೇಲೆಯೇ ಟೇಪು ಹಿಡಿದು ಎತ್ತರ ಅಳೆಯಿರಿ ಎಂದು ನನ್ನ ಕಿರಿಯ ವೈದ್ಯರಿಗೆ ಹೇಳುತ್ತಿರುತ್ತೇನೆ.

ಆದರೆ ಅದೇ ಅಧ್ಯಯನದಲ್ಲಿ ಶೇಕಡ 30ಕ್ಕಿಂತ ಹೆಚ್ಚು ಸುಟ್ಟವರನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ತಮ್ಮನಂತಹವರಿಗೆ ಆ ನಿಯಮವನ್ನು ನಾವು ಎರವಲು ತಂದು ಬಳಸುತ್ತೇವೆ. ತರುವುದು ಸರಿಯೇ, ಆದರೆ ಎರವಲಿನ ಅಂಗಿ ಎಲ್ಲಿ ಬಿಗಿಯುತ್ತದೆ ಎಂಬುದನ್ನು ನೋಡುತ್ತಿರಬೇಕು. ಆ ನಿಯಮದ ಇನ್ನೊಂದು ಅರ್ಧವೆಂದರೆ, ಉಸಿರು ಒಳಗೆ ಹೋಗಿ ಕ್ಷಣ ನಿಂತಾಗ ಅಳೆಯುವ ಪ್ಲಾಟೊ ಒತ್ತಡ 30 ಸೆಂಟಿಮೀಟರ್ ನೀರಿನ ಒತ್ತಡವನ್ನು ದಾಟಬಾರದು. ಎದೆಯ ಸುತ್ತ ಆಳವಾಗಿ ಸುಟ್ಟವರಲ್ಲಿ ಈ ಸಂಖ್ಯೆ ಮೋಸ ಮಾಡುತ್ತದೆ. ಸುಟ್ಟ ಚರ್ಮ ಸತ್ತು ಹದಮಾಡಿದ ತೊಗಲಿನಂತೆ ಗಟ್ಟಿಯಾಗುತ್ತದೆ, ಅದರ ಕೆಳಗೆ ಮಾಂಸ ಊದುತ್ತಿರುತ್ತದೆ. ಪಟ್ಟಿ ಬಿಗಿದ ಹತ್ತಿಯ ಬೇಲ್ ಹೇಗೋ ಹಾಗೆ ಎದೆ ಹಿಗ್ಗಲಾರದಾಗುತ್ತದೆ. ಯಂತ್ರ ತೋರಿಸುವ ಒತ್ತಡದಲ್ಲಿ ಎಷ್ಟು ಪಾಲು ಶ್ವಾಸಕೋಶದ್ದು, ಎಷ್ಟು ಪಾಲು ಈ ಗೋಡೆಯದ್ದು ಎಂಬುದನ್ನು ಯಂತ್ರ ಹೇಳುವುದಿಲ್ಲ. ಹೊದಿಕೆ ಸರಿಸಿ ಎದೆಯನ್ನು ಕಣ್ಣಾರೆ ನೋಡಬೇಕು, ಕೈಯಿಂದ ಮುಟ್ಟಬೇಕು.

ಕೆಲವು ವರ್ಷಗಳ ಹಿಂದೆ ಕುಲುಮೆಯ ಬಳಿ ಸುಟ್ಟ ಕೆಲಸಗಾರರೊಬ್ಬರನ್ನು ಬೇರೊಂದು ಕಡೆಯಿಂದ ನಮ್ಮಲ್ಲಿಗೆ ತಂದರು. ಪ್ಲಾಟೊ ಒತ್ತಡ 41 ಇತ್ತು, ಆಮ್ಲಜನಕ ಇಳಿಯುತ್ತಿತ್ತು, ತೀವ್ರ ಎಆರ್‌ಡಿಎಸ್ ಎಂದು ಕಾಗದದಲ್ಲಿ ಬರೆದಿತ್ತು. ಎದೆಯ ಮೇಲಿನ ಡ್ರೆಸ್ಸಿಂಗ್ ಬಿಚ್ಚಿದಾಗ ಕಂಕುಳಿನಿಂದ ಕಂಕುಳಿನವರೆಗೆ ಕಂದು ಬಣ್ಣದ, ತಟ್ಟಿದರೆ ಹಲಗೆಯಂತೆ ಸದ್ದು ಕೊಡುವ ಚರ್ಮವಿತ್ತು. ಶಸ್ತ್ರವೈದ್ಯರು ಎರಡೂ ಪಕ್ಕೆಗಳ ಉದ್ದಕ್ಕೆ, ಆಮೇಲೆ ಪಕ್ಕೆಲುಬಿನ ಕೆಳಅಂಚಿನಲ್ಲಿ ಅಡ್ಡಕ್ಕೆ, ಆ ಸತ್ತ ಚರ್ಮವನ್ನು ಕೆಳಗಿನ ಹಳದಿ ಕೊಬ್ಬು ಕಾಣುವವರೆಗೆ ಸೀಳಿದರು. ಸೀಳು ತಾನಾಗಿಯೇ ಎರಡು ಬೆರಳು ಅಗಲ ತೆರೆದುಕೊಂಡಿತು. ಪರದೆಯ ಮೇಲೆ ಒತ್ತಡ ಕೆಲವೇ ಉಸಿರುಗಳಲ್ಲಿ 27ಕ್ಕೆ ಬಂತು. ಅವರ ಶ್ವಾಸಕೋಶ ಅಷ್ಟು ಕೆಟ್ಟಿರಲಿಲ್ಲ, ಎದೆ ಬಿಗಿದಿತ್ತು. ನಿಮ್ಮ ತಮ್ಮನ ಎದೆಯ ಮೇಲೆ ಉದ್ದುದ್ದ ಸೀಳುಗಳು ಕಂಡರೆ ಗಾಬರಿಯಾಗಬೇಡಿ, ಅವು ಈ ಕಾರಣಕ್ಕೆ ಮಾಡಿದವು. ಹೊಟ್ಟೆ ನೀರಿನಿಂದ ಬಿಗಿದುಕೊಂಡರೂ ಇದೇ ರೀತಿ ಒತ್ತಡ ಏರುತ್ತದೆ; ಮೂತ್ರದ ನಳಿಕೆಯ ಮೂಲಕ ಹೊಟ್ಟೆಯೊಳಗಿನ ಒತ್ತಡವನ್ನು ಅಳೆದು ಅದನ್ನು ಕಂಡುಹಿಡಿಯುತ್ತಾರೆ.

ಎರವಲಿನ ನಿಯಮ ಬಿಗಿಯುವ ಎರಡನೇ ಜಾಗ ಇಂಗಾಲದ ಡೈಆಕ್ಸೈಡ್. ಮೈ ಸುಟ್ಟವರ ದೇಹ ಮಲಗಿದ್ದಲ್ಲೇ ಓಡುತ್ತಿರುತ್ತದೆ. ಶೇಕಡ 40 ಸುಟ್ಟವರಲ್ಲಿ ಶಕ್ತಿಯ ಖರ್ಚು ಮಾಮೂಲಿನ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟಿನವರೆಗೆ ಏರುತ್ತದೆ. ಉತ್ಪತ್ತಿಯಾಗುವ ಡೈಆಕ್ಸೈಡ್ ಅಷ್ಟೇ ಹೆಚ್ಚುತ್ತದೆ, ಅದನ್ನು ಹೊರಹಾಕಲು ಹೆಚ್ಚು ಗಾಳಿ ಬೇಕು, ಆದರೆ ನಾವು ಉಸಿರನ್ನು 370ಕ್ಕೆ ಕಟ್ಟಿಹಾಕಿದ್ದೇವೆ. ಉಸಿರಿನ ಸಂಖ್ಯೆಯನ್ನು ನಿಮಿಷಕ್ಕೆ 30, 35ಕ್ಕೆ ಏರಿಸುತ್ತೇವೆ. ಆಗಲೂ ಡೈಆಕ್ಸೈಡ್ ಉಳಿದರೆ, ರಕ್ತದ ಆಮ್ಲೀಯತೆಯ ಸೂಚಿಯಾದ ಪಿಎಚ್ 7.20ರಿಂದ 7.25ರ ಕೆಳಗಿಳಿಯದಂತೆ ನೋಡಿಕೊಂಡು ಅಷ್ಟನ್ನು ಸಹಿಸಿಕೊಳ್ಳುತ್ತೇವೆ. ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆಯ ಚೀಟಿಯಲ್ಲಿ ಕೆಂಪು ಅಕ್ಷರದ ಸಂಖ್ಯೆ ಕಂಡು ಸರಿಪಡಿಸಿ ಎಂದು ಒತ್ತಾಯಿಸುವ ಬಂಧುಗಳಿದ್ದಾರೆ. ಆ ಸಂಖ್ಯೆಯನ್ನು ಸುಂದರ ಮಾಡಲು ಉಸಿರನ್ನು ಹಿಗ್ಗಿಸಿದರೆ ಶ್ವಾಸಕೋಶ ಹರಿಯುತ್ತದೆ. ಹೊಗೆಯಿಂದ ನಾಳಗಳು ಕಿರಿದಾದವರಿಗೆ ಗಾಳಿ ಹೊರಬರಲು ಸಮಯ ಸಾಲದೆ ಒಳಗೇ ಉಳಿಯುವುದುಂಟು. ಅವರಿಗೆ ಸ್ವಲ್ಪ ಹೆಚ್ಚು ಗಾಳಿ, ಕಿಲೋಗೆ 7 ಅಥವಾ 8 ಮಿಲಿಲೀಟರಿನವರೆಗೆ, ಕೊಡಬೇಕಾದ ಸಂದರ್ಭಗಳೂ ಇವೆ. ಆದ್ದರಿಂದಲೇ ಇದು ಪಟ್ಟಿ ನೋಡಿ ಮಾಡುವ ಕೆಲಸವಲ್ಲ, ಪಕ್ಕದಲ್ಲಿ ನಿಂತು ಮಾಡುವ ಕೆಲಸ. ಉಸಿರು ಹೊರಬಿಟ್ಟ ಮೇಲೂ ಚೀಲಗಳು ಕುಸಿಯದಂತೆ ಒಳಗೆ ಉಳಿಸುವ ಪೀಪ್ ಎಂಬ ಒತ್ತಡವನ್ನೂ ಹೀಗೆಯೇ, ರಕ್ತದೊತ್ತಡ ಬೀಳುತ್ತದೆಯೇ ಎಂದು ನೋಡುತ್ತಾ ಏರಿಸಬೇಕು.

ಬೋರಲು ಮಲಗಿಸಿದ್ದು ನಿಮ್ಮನ್ನು ಹೆದರಿಸಿದೆ ಎಂದು ಕಾಣುತ್ತದೆ. ಅಂಗಾತ ಮಲಗಿದಾಗ ಶ್ವಾಸಕೋಶದ ಹಿಂಭಾಗ ಹೃದಯದ ಮತ್ತು ತನ್ನದೇ ನೀರಿನ ಭಾರಕ್ಕೆ ಸಿಕ್ಕಿ ಮುಚ್ಚಿರುತ್ತದೆ, ರಕ್ತ ಮಾತ್ರ ಅಲ್ಲಿಗೇ ಹರಿಯುತ್ತಿರುತ್ತದೆ. ಮಗುಚಿದಾಗ ಆ ಭಾಗ ತೆರೆದುಕೊಂಡು ಗಾಳಿ ಮತ್ತು ರಕ್ತ ಒಂದೆಡೆ ಸೇರುತ್ತವೆ. 2013ರಲ್ಲಿ ಪ್ರಕಟವಾದ, ಹೆಚ್ಚಾಗಿ ಫ್ರಾನ್ಸ್‌ನಲ್ಲಿ ನಡೆದ 466 ರೋಗಿಗಳ ಅಧ್ಯಯನದಲ್ಲಿ ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳೊಳಗಿನ ಸಾವು ಶೇಕಡ 32.8ರಿಂದ 16ಕ್ಕೆ ಇಳಿಯಿತು. ಎದೆ ಸುಟ್ಟವರನ್ನು ಹೀಗೆ ಮಲಗಿಸುವುದು ಬಹಳ ಕಷ್ಟ. ಐದಾರು ಜನ ಬೇಕು, ತಲೆಯ ಬಳಿ ನಿಂತವರು ಟ್ಯೂಬನ್ನು ಮಾತ್ರ ಹಿಡಿದಿರಬೇಕು, ಮುಖ ಮತ್ತೆ ಊದುತ್ತದೆ, ಕಣ್ಣಿಗೆ ಒತ್ತಡ ಬೀಳದಂತೆ ನೋಡಬೇಕು, ಹೊಸದಾಗಿ ಹಾಕಿದ ಚರ್ಮದ ಕಸಿ ಜಾರಬಹುದು. ನಿಮ್ಮ ತಮ್ಮನಿಗೆ ಅಲ್ಲಿಯ ತಂಡ ಈ ಶ್ರಮವನ್ನು ದಿನವೂ ಪಡುತ್ತಿದೆಯೆಂದರೆ ಅವರು ಆಸೆ ಬಿಟ್ಟಿಲ್ಲ ಎಂದರ್ಥ. ಊರಿನವರು ಇದನ್ನು ಕೊನೆಯ ಪ್ರಯತ್ನವೆಂದು ಹೇಳಿದರೆ ನಂಬಬೇಡಿ.

ಶ್ವಾಸನಾಳದ ಬೆಣೆಗಳನ್ನು ಕರಗಿಸಲು ಹೆಪಾರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧಗಳನ್ನು ನೆಬುಲೈಸರ್ ಮೂಲಕ ಸರದಿಯಂತೆ ಕೊಡುವ ಪದ್ಧತಿ ಅನೇಕ ಕಡೆ ಇದೆ. ಪುರಾವೆ ಗಟ್ಟಿಯಲ್ಲದಿದ್ದರೂ ನಾನು ಕೊಡುತ್ತೇನೆ, ಬ್ರಾಂಕೊಸ್ಕೋಪಿನಿಂದ ತೊಳೆದು ತೆಗೆಯುವುದನ್ನು ಅದಕ್ಕಿಂತ ಹೆಚ್ಚು ನಂಬುತ್ತೇನೆ. ಅತಿವೇಗದ ಕಂಪನದ ವೆಂಟಿಲೇಟರುಗಳ ಬಗ್ಗೆ ಯಾರಾದರೂ ಹೇಳಿದರೆ, 2013ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಒಂದು ಲಾಭ ಕಾಣಲಿಲ್ಲ, ಇನ್ನೊಂದರಲ್ಲಿ ಸಾವು ಹೆಚ್ಚಿತು ಎಂಬುದು ತಿಳಿದಿರಲಿ. ಕಫವನ್ನು ಅಲುಗಿಸುವ ತಟ್ಟುವ ಬಗೆಯ ಯಂತ್ರ ಬೇರೆ. ಸುಟ್ಟವರಲ್ಲಿ ಅದು ಆಮ್ಲಜನಕವನ್ನು ಸುಧಾರಿಸುತ್ತದೆ, ಆದರೆ ಜೀವ ಉಳಿಸುವುದರಲ್ಲಿ ಮಾಮೂಲಿ ಯಂತ್ರಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ಅದು ಸಿಗಲಿಲ್ಲವೆಂದು ಕೊರಗಬೇಡಿ.

ಕೊರಗಬೇಕಾದದ್ದು ಚರ್ಮದ ಬಗ್ಗೆ. ಸತ್ತ ಚರ್ಮ ಮೈಮೇಲೆ ಉಳಿದಿರುವವರೆಗೂ ಉರಿಯೂತ ಮತ್ತು ಸೋಂಕು ಅಲ್ಲಿಂದ ಶ್ವಾಸಕೋಶಕ್ಕೆ ಹರಿಯುತ್ತಲೇ ಇರುತ್ತವೆ. ಶ್ವಾಸಕೋಶ ಸುಧಾರಿಸಿದ ಮೇಲೆ ಶಸ್ತ್ರಕ್ರಿಯೆ ಎಂದು ಕಾಯುವುದು ಮೇಲ್ನೋಟಕ್ಕೆ ವಿವೇಕವೆನಿಸುತ್ತದೆ, ಆದರೆ ಹಲವು ಬಾರಿ ಅದು ತಿರುಗುಮುರುಗಾದ ಲೆಕ್ಕ. ಸತ್ತ ಚರ್ಮವನ್ನು ಕೆರೆದು ತೆಗೆದ ಮೇಲೆಯೇ ಶ್ವಾಸಕೋಶ ಸುಧಾರಿಸತೊಡಗುತ್ತದೆ. ಶಸ್ತ್ರಕ್ರಿಯೆಯ ಕೋಣೆಗೆ ಸಾಗಿಸಬಲ್ಲ ಸ್ಥಿತಿ ಬಂದ ದಿನವೇ ಮೊದಲ ಶಸ್ತ್ರಕ್ರಿಯೆ ಮಾಡುವ ಯೋಚನೆ ಇದೆಯೇ ಎಂದು ಅಲ್ಲಿಯ ವೈದ್ಯರನ್ನು ಕೇಳಿ. ಇನ್ನೊಂದು ಮಾತು: ರಾಯಚೂರಿನ ಬಿಸಿಲಿನಿಂದ ಬಂದ ನಿಮಗೆ ವಾರ್ಡು ಸೆಕೆಯೆನಿಸಿ ಏಸಿ ಜೋರು ಮಾಡಿ ಎಂದು ಕೇಳುವ ಮನಸ್ಸಾಗಬಹುದು. ಚರ್ಮವಿಲ್ಲದ ಮೈ ಶಾಖವನ್ನು ಹಿಡಿದಿಡಲಾರದು; ಅವರ ಕೋಣೆಯನ್ನು 28ರಿಂದ 32 ಡಿಗ್ರಿಯಲ್ಲಿ ಬೆಚ್ಚಗಿಡುವುದೂ ಚಿಕಿತ್ಸೆಯೇ.

ಹೈದರಾಬಾದಿಗೆ ಒಯ್ಯುವ ವಿಚಾರ. ದೊಡ್ಡ ಊರಿನಲ್ಲಿ ಸುಟ್ಟಗಾಯದ ಪ್ರತ್ಯೇಕ ಘಟಕ, ರಕ್ತವನ್ನು ಮೈಯಿಂದ ಹೊರಗೆ ಹರಿಸಿ ಆಮ್ಲಜನಕ ಬೆರೆಸಿ ಮರಳಿಸುವ ಎಕ್ಮೊ ಯಂತ್ರ ಇರುತ್ತವೆ ನಿಜ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗಕ್ಕೂ ನಮ್ಮ ಕಡೆಯಿಂದ ರೋಗಿಗಳು ಹೋಗುತ್ತಾರೆ. ಆದರೆ ಇಂತಹ ಸಾಗಣೆಗೆ ಒಳ್ಳೆಯ ಹೊತ್ತು ಶ್ವಾಸಕೋಶ ಕೆಡುವ ಮುಂಚಿನ ಮೊದಲ ಎರಡು ದಿನ. ಶೇಕಡ 80, 90 ಆಮ್ಲಜನಕದ ಮೇಲಿರುವವರನ್ನು ಸುಮಾರು ಇನ್ನೂರು ಕಿಲೋಮೀಟರ್ ದಾರಿ ಒಯ್ಯುವುದು ಬೇರೆಯೇ ಮಾತು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 12 ಲೀಟರಿನಂತೆ ಅದು ಎರಡು ಗಂಟೆಗೆ ಮಾತ್ರ ಸಾಕು. ಯಂತ್ರದಿಂದ ಯಂತ್ರಕ್ಕೆ ಬದಲಿಸುವಾಗ ಟ್ಯೂಬನ್ನು ಕ್ಲಾಂಪ್ ಹಾಕಿ ಹಿಡಿಯದೆ ಕಳಚಿದರೆ, ದಿನಗಟ್ಟಲೆ ಪೀಪ್ ಕೊಟ್ಟು ತೆರೆದಿಟ್ಟ ಚೀಲಗಳು ಒಂದೇ ಉಸಿರಿನಲ್ಲಿ ಮುಚ್ಚುತ್ತವೆ. ಅಲ್ಲಿ ಸಿಗುವ ಯಾವ ಚಿಕಿತ್ಸೆ ಇಲ್ಲಿಲ್ಲ ಎಂದು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ. ಆ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕರೆ, ಅಲ್ಲಿಯ ಹಾಸಿಗೆ ಫೋನಿನಲ್ಲಿ ಖಚಿತವಾದರೆ, ಬೋರಲು ಮಲಗಿಸಿದ್ದರಿಂದ ಸುಧಾರಣೆ ಕಂಡ ಮೇಲೆ, ವೆಂಟಿಲೇಟರ್ ಬಲ್ಲ ವೈದ್ಯರೊಬ್ಬರು ಜೊತೆಗಿದ್ದರೆ ಹೊರಡಬಹುದು. ಈಗ ಬೋರಲಿರುವಾಗ, ಬಂಧುಗಳ ಒತ್ತಾಯಕ್ಕೆ ಹೊರಡಬೇಡಿ.

ವಾಪಸ್ ಬರುತ್ತಾರೆಯೇ ಎಂಬ ಪ್ರಶ್ನೆಗೆ ಸುಳ್ಳು ಧೈರ್ಯ ಹೇಳಲಾರೆ. ಸುಟ್ಟವರ ಅಪಾಯ ಅಳೆಯುವ ಬಾಕ್ಸ್ ಲೆಕ್ಕದ ಪರಿಷ್ಕೃತ ರೂಪದಲ್ಲಿ ವಯಸ್ಸನ್ನೂ ಸುಟ್ಟ ಶೇಕಡಾವನ್ನೂ ಕೂಡಿ, ಹೊಗೆ ಕುಡಿದಿದ್ದರೆ ಇನ್ನೂ 17 ಸೇರಿಸುತ್ತಾರೆ. ಅಂದರೆ ಆ ಹೊಗೆಯೊಂದೇ ನಿಮ್ಮ ತಮ್ಮನನ್ನು ಹದಿನೇಳು ವರ್ಷ ಮುಪ್ಪಾಗಿಸಿದಂತೆ. ತೀವ್ರ ಎಆರ್‌ಡಿಎಸ್ ಅದರ ಮೇಲಿನ ಹೊರೆ. ಅಪಾಯ ದೊಡ್ಡದು. ಆದರೆ ವೆಂಟಿಲೇಟರ್‌ಗೆ ಹಾಕಿದವರು ಬರುವುದಿಲ್ಲ ಎಂಬುದು ಸತ್ಯವಲ್ಲ. ತುಂಬ ಕೆಟ್ಟ ಮೇಲೆಯೇ ವೆಂಟಿಲೇಟರಿಗೆ ಬಂದವರನ್ನು ಕಂಡು ಹುಟ್ಟಿದ ಮಾತು ಅದು. 34ರ ವಯಸ್ಸು, ಮೊದಲೇ ಸುರಕ್ಷಿತವಾಗಿ ಬಿದ್ದ ಟ್ಯೂಬ್, ಬೋರಲು ಮಲಗಿಸುವಷ್ಟು ಸಿದ್ಧವಿರುವ ತಂಡ, ಈ ಮೂರೂ ನಿಮ್ಮ ತಮ್ಮನ ಪರವಾಗಿವೆ. ಮುಂದಿನ ದಿನಗಳಲ್ಲಿ ಆಮ್ಲಜನಕದ ಶೇಕಡಾ ನಿಧಾನವಾಗಿ ಇಳಿಯುತ್ತಿದೆಯೇ, ಅಂಗಾತ ಮಲಗಿಸಿದಾಗಲೂ ಸುಧಾರಣೆ ಉಳಿಯುತ್ತಿದೆಯೇ, ಮೂತ್ರ ಬರುತ್ತಿದೆಯೇ ಎಂದು ಕೇಳಿ. ಎರಡು ವಾರ ಕಳೆದರೂ ಟ್ಯೂಬ್ ಬೇಕಾದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ರೇಕಿಯಾಸ್ಟಮಿ ಮಾಡುವ ಮಾತು ಬರಬಹುದು, ಅದು ಶಾಶ್ವತವಲ್ಲ.

ಕೊನೆಯದಾಗಿ, ಕೇಳಿಸುತ್ತದೆಯೇ ಎಂದು ಕೇಳಿದ್ದೀರಿ. ಬೋರಲು ಮಲಗಿಸಿರುವಾಗ ಆಳವಾದ ನಿದ್ರೆಯ ಔಷಧ ಕೊಟ್ಟಿರುತ್ತಾರೆ, ಆಗ ಅವರು ಪ್ರತಿಕ್ರಿಯಿಸಲಾರರು. ಔಷಧ ಕಡಿಮೆ ಮಾಡುವ ದಿನಗಳು ಬಂದಾಗ ರೋಗಿಗಳಿಗೆ ದಿಕ್ಕು ತೋಚದ ಗೊಂದಲವಾಗುತ್ತದೆ. ಎಲ್ಲಿದ್ದೇನೆ, ಏಕೆ ಕಟ್ಟಿದ್ದಾರೆ, ಧ್ವನಿ ಏಕೆ ಹೊರಡುತ್ತಿಲ್ಲ ಎಂಬುದು ತಿಳಿಯದೆ ಟ್ಯೂಬ್ ಕೀಳಲು ನೋಡುತ್ತಾರೆ. ಆಗ ನಿಮ್ಮ ಪರಿಚಿತ ದನಿ ನಮ್ಮ ಔಷಧಕ್ಕಿಂತ ಹೆಚ್ಚು ಕೆಲಸ ಮಾಡುವುದನ್ನು ನೋಡಿದ್ದೇನೆ. ಕೈ ತೊಳೆದು, ಗೌನು ಹಾಕಿಕೊಂಡು, ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಿರಿ. ಇಂದು ಯಾವ ವಾರ, ಇದು ಯಾವ ಊರಿನ ಆಸ್ಪತ್ರೆ, ಗಂಟಲಲ್ಲಿ ಟ್ಯೂಬ್ ಇರುವುದರಿಂದ ಈಗ ಮಾತು ಬರುವುದಿಲ್ಲ, ತೆಗೆದ ಮೇಲೆ ಬರುತ್ತದೆ ಎಂದು ಹೇಳಿ. ನೀರು ಕೊಡಬೇಡಿ, ಬಾಯಿ ಒಣಗಿದೆ ಎನಿಸಿದರೆ ಶುಶ್ರೂಷಕಿಗೆ ತಿಳಿಸಿ. ಟ್ಯೂಬ್ ತೆಗೆದ ಮೇಲೆ ಮೊದಲ ಕೆಲವು ದಿನ ಅವರ ದನಿ ಒಡಕಾಗಿ, ಪಿಸುಮಾತಿನಷ್ಟೇ ಇರುತ್ತದೆ. ಅದು ವಾರಗಳು ಕಳೆದರೂ ಸರಿಹೋಗದಿದ್ದರೆ, ಅಥವಾ ಉಸಿರೆಳೆಯುವಾಗ ಸೀಟಿಯಂತಹ ಸದ್ದು ಬಂದರೆ, ಶ್ವಾಸನಾಳ ಕಿರಿದಾಗಿರಬಹುದು. ತಡಮಾಡದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ.